ಕಂಪೈಲ್ ಆಗದ ಕರ್ನಲ್, ಉಬ್ಬಿದ ಕೆಪಾಸಿಟರ್

2000ನೇ ಇಸವಿಯ ಮಾರ್ಚ್ ಮೊದಲ ವಾರ ಎಎಂಡಿ ಕಂಪನಿ ಒಂದು ಗಿಗಾಹರ್ಟ್ಸ್ ವೇಗದ ಅಥ್ಲಾನ್ ಚಿಪ್ ಹೊರತಂದಿತು. ಎರಡೇ ದಿನಕ್ಕೆ ಇಂಟೆಲ್ ಅಷ್ಟೇ ವೇಗದ ಪೆಂಟಿಯಂ ತ್ರೀ ತಂದು ಎದುರು ನಿಲ್ಲಿಸಿತು. ಆಮೇಲೆ ಹಠ ಇನ್ನೂ ಬೆಳೆಯಿತು. ಜುಲೈ 31ರಂದು ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ ತ್ರೀಯನ್ನು ಮಾರುಕಟ್ಟೆಗೆ ಬಿಟ್ಟಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 28ರಂದು, ಅದನ್ನು ವಾಪಸ್ ಕರೆಸಿಕೊಂಡಿತು.

ಹಾಗೆ ಮಾಡುವಂತೆ ಮಾಡಿದವರಲ್ಲಿ ಮೊದಲಿಗರು ಥಾಮಸ್ ಪಾಬ್ಸ್ಟ್. ಓದಿದ್ದು ವೈದ್ಯಕೀಯ, ಊರು ಜರ್ಮನಿ, ಹೆಸರು ಮಾಡಿದ್ದು 1996ರಲ್ಲಿ ತಾವೇ ಶುರುಮಾಡಿದ ಟಾಮ್ಸ್ ಹಾರ್ಡ್‌ವೇರ್ ಎಂಬ ವಿಮರ್ಶಾ ಜಾಲತಾಣದಿಂದ. ವಿಮರ್ಶೆಗೆಂದು ಬಂದ ಹೊಸ ಚಿಪ್ ಅವರ ಮೇಜಿನ ಮೇಲೆ ಪರೀಕ್ಷೆಗಳನ್ನು ಮುಗಿಸಲೇ ಇಲ್ಲ. ಬೇರೆ ವಿಮರ್ಶಕರ ಹತ್ತಿರ ಅದು ಚೆನ್ನಾಗಿಯೇ ಓಡುತ್ತಿದ್ದುದರಿಂದ ಅನುಮಾನ ಪಾಬ್ಸ್ಟ್ ಅವರ ಕಡೆಗೇ ತಿರುಗಿತು. ಅವರು ಸಾಕ್ಷಿಯಾಗಿ ಮುಂದಿಟ್ಟದ್ದು ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಕಂಪೈಲ್ ಮಾಡುವ ಪರೀಕ್ಷೆಯನ್ನು. ಈ ಚಿಪ್‌ನ ಮೇಲೆ ಅದು ಪೂರ್ತಿಯಾಗುತ್ತಲೇ ಇರಲಿಲ್ಲ. ಹಾರ್ಡ್‌ಒಸಿಪಿ ಎಂಬ ಇನ್ನೊಂದು ವಿಮರ್ಶಾ ತಾಣದ ಕೈಲ್ ಬೆನೆಟ್ ತಮ್ಮ ಚಿಪ್‌ನಲ್ಲೂ ಅದೇ ತೊಂದರೆ ಕಂಡರು. ಕೊನೆಗೆ ಇಂಟೆಲ್‌ನ ಪ್ರಯೋಗಾಲಯದಲ್ಲೂ ಅದೇ ಆಯಿತು. ಆ ವೇಗದ ಪೆಂಟಿಯಂ ತ್ರೀ ಮತ್ತೆ ಅಂಗಡಿಗೆ ಬಂದದ್ದು 2001ರಲ್ಲಿ.

ಇಷ್ಟೊಂದು ಪರೀಕ್ಷೆಗಳಿರುವಾಗ ಕರ್ನಲ್ ಕಂಪೈಲ್ ಮಾಡುವುದೇ ಏಕೆ? ಉತ್ತರ 1990ರ ದಶಕದ ಲಿನಕ್ಸ್ ಬಳಗದಲ್ಲಿ ಸಿಗುತ್ತದೆ. ಹೊಸ ಪಿಸಿ ಕೊಂಡು ಕರ್ನಲ್ ಕಂಪೈಲ್ ಮಾಡಲು ಕೂತವರಿಗೆ ‘ಸಿಗ್ನಲ್ 11’ ಎಂಬ ಸಂದೇಶ ಬಂದು ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಎಲ್ಲರೂ ಕಂಪೈಲರನ್ನು ಬೈದರು. ನೆದರ್ಲೆಂಡ್ಸ್‌ನ ರೋಗಿಯರ್ ವುಲ್ಫ್ ಎಂಬ ಪ್ರೋಗ್ರಾಮರ್ ಇದಕ್ಕೆಂದೇ ಒಂದು ಪ್ರಶ್ನೋತ್ತರ ಬರೆದು, ತಪ್ಪು ಬಹುಪಾಲು ಹಾರ್ಡ್‌ವೇರಿನದು, ಅದರಲ್ಲೂ ಮೆಮೊರಿಯದು ಎಂದು ತೋರಿಸಿಕೊಟ್ಟರು. ಕಂಪೈಲರ್ ತನ್ನ ಲೆಕ್ಕವನ್ನೆಲ್ಲ ಮೆಮೊರಿಯಲ್ಲಿ ವಿಳಾಸಗಳ ಸರಪಳಿಯಾಗಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒಂದೇ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾದರೂ ಸಾಕು, ವಿಳಾಸ ಎಲ್ಲೋ ಹೋಗಿ ಪ್ರೋಗ್ರಾಂ ಸಾಯುತ್ತದೆ. ವುಲ್ಫ್ ಕೊಟ್ಟ ಗುರುತು ಬಹಳ ಸರಳ: ತಪ್ಪು ಸಾಫ್ಟ್‌ವೇರಿನದಾದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಬೇಕು, ಇವತ್ತು ಒಂದು ಫೈಲಿನಲ್ಲಿ, ನಾಳೆ ಇನ್ನೊಂದರಲ್ಲಿ ನಿಂತರೆ ಸಾಫ್ಟ್‌ವೇರ್ ಬಿಟ್ಟು ಕ್ಯಾಬಿನೆಟ್ ಬಿಚ್ಚಿ. ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಈ ಹುಡುಕಾಟವನ್ನು ಎಲ್ಲರ ಕೈಗೂ ಎಟಕಿಸಿತು. ಫ್ಲಾಪಿಯಿಂದ ಬೂಟ್ ಮಾಡಿ ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಪರದೆಯ ಮೇಲೆ ಕೆಟ್ಟ ವಿಳಾಸಗಳ ಸಾಲು ಸಿದ್ಧವಾಗಿರುತ್ತಿತ್ತು.

ಮೆಮೊರಿ ಹೀಗೆ ಮೋಸ ಮಾಡಬಲ್ಲದು ಎಂಬುದು ಕಂಪನಿಗಳಿಗೆ ಹೊಸ ವಿಷಯವೇನೂ ಆಗಿರಲಿಲ್ಲ. 1978ರಷ್ಟು ಹಿಂದೆಯೇ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್, ಚಿಪ್‌ನ ಹೊದಿಕೆಯಲ್ಲಿರುವ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವಿನಿಂದ ಹೊರಡುವ ಆಲ್ಫಾ ಕಣಗಳು ಬಿಟ್‌ಗಳನ್ನು ತಿರುಗಿಸಿಬಿಡುತ್ತವೆ ಎಂದು ಸಾಧಿಸಿದ್ದರು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ ಈ ಅಪಾಯವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ರೂಪುಗೊಂಡಿತ್ತು. ಅದರಲ್ಲಿ ಪ್ರತಿ ಎಂಟು ಬಿಟ್‌ಗೆ ಒಂಬತ್ತನೆಯದೊಂದು ಪ್ಯಾರಿಟಿ ಬಿಟ್ ಕಾವಲಿತ್ತು. ಲೆಕ್ಕ ತಾಳೆಯಾಗದಿದ್ದರೆ ಯಂತ್ರ ‘ಪ್ಯಾರಿಟಿ ಚೆಕ್’ ಎಂದು ಬರೆದು ಅಲ್ಲೇ ನಿಲ್ಲುತ್ತಿತ್ತು. ಬಳಕೆದಾರರಿಗೆ ಕಿರಿಕಿರಿ ನಿಜ, ಆದರೆ ದೋಷ ಯಾರದೆಂದು ಯಂತ್ರವೇ ಹೇಳುತ್ತಿತ್ತು. 1990ರ ದಶಕದಲ್ಲಿ ಬೆಲೆಯ ಪೈಪೋಟಿ ಬಿಗಿಯಾದಾಗ ಆ ಒಂಬತ್ತನೆಯ ಬಿಟ್ ಖರ್ಚು ಎನಿಸಿತು. 1995ರಲ್ಲಿ ಜನಪ್ರಿಯವಾದ ಇಂಟೆಲ್‌ನ 430ಎಫ್‌ಎಕ್ಸ್ ಚಿಪ್‌ಸೆಟ್‌ನಲ್ಲಿ ಪ್ಯಾರಿಟಿಗೆ ಜಾಗವೇ ಇರಲಿಲ್ಲ. ಅದೇ ವರ್ಷ ವಿಂಡೋಸ್ 95 ಬಂತು, ಮನೆಮನೆಗೆ ಪಿಸಿ ಹೋಯಿತು. ಕಾವಲುಗಾರ ಇಲ್ಲದ ಮೆಮೊರಿಯಲ್ಲಿ ಆದ ತಪ್ಪುಗಳೆಲ್ಲ ಅಲ್ಲಿಂದ ಮುಂದೆ ವಿಂಡೋಸ್‌ನ ಹೆಸರಿಗೇ ಜಮೆಯಾದವು. ಪಿಸಿಯ ಇತಿಹಾಸದಲ್ಲಿ ಉಳಿಸಿದ ಹಣಕ್ಕಿಂತ ಕಳೆದ ಸಮಯ ದೊಡ್ಡದಾದ ತೀರ್ಮಾನ ಇದೇ ಇರಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಅಸೆಂಬಲ್ಡ್ ಸಿಸ್ಟಂ’ ವ್ಯಾಪಾರ ಬೆಳೆದದ್ದೂ ಇದೇ ಕಾಲದಲ್ಲಿ. ಮದರ್‌ಬೋರ್ಡ್ ಒಂದು ಅಂಗಡಿಯದು, ರ‍್ಯಾಮ್ ಇನ್ನೊಂದರದು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು. ಹೊಸ ಸಿಸ್ಟಂ ಹ್ಯಾಂಗ್ ಆಗುತ್ತಿದೆ ಎಂದು ಗಿರಾಕಿ ಹೊತ್ತು ತಂದರೆ ಹುಡುಗರ ಮೊದಲ ಮದ್ದು ಫಾರ್ಮ್ಯಾಟ್ ಹೊಡೆಯುವುದು. ಅದಕ್ಕೂ ಬಗ್ಗದಿದ್ದರೆ ರ‍್ಯಾಮ್ ಕಡ್ಡಿಯನ್ನು ಸ್ಲಾಟಿನಿಂದ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸುವುದು. ಇದನ್ನು ನಾಟಿ ವೈದ್ಯ ಎಂದು ತಳ್ಳಿಹಾಕುವಂತಿಲ್ಲ. ಧೂಳು, ತೇವ, ಬೆರಳಿನ ಜಿಡ್ಡು ಸೇರಿ ಸಂಪರ್ಕ ಸಡಿಲವಾದಾಗ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಆಗಲೂ ಸರಿಹೋಗದಿದ್ದರೆ ಎಸ್‌ಎಂಪಿಎಸ್ ಬದಲಿಸಿ ನೋಡು, ಇನ್ನೊಂದು ಕಡ್ಡಿ ಹಾಕಿ ನೋಡು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕೆಂಬ ಶಿಸ್ತನ್ನು ಈ ಹುಡುಗರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಆದರೆ ಫಾರ್ಮ್ಯಾಟ್ ಹೊಡೆಯುವ ಮೊದಲು ರ‍್ಯಾಮ್ ನೋಡಬೇಕಿತ್ತು. ಕೆಟ್ಟ ಮೆಮೊರಿಯ ಮೂಲಕ ಹಾದುಹೋಗುವ ಫೈಲುಗಳು ಕೆಟ್ಟೇ ಡಿಸ್ಕಿಗೆ ಇಳಿಯುತ್ತವೆ, ಹೊಸ ವಿಂಡೋಸ್ ಹುಟ್ಟುವಾಗಲೇ ರೋಗಿ.

ಯಂತ್ರ ಜೋಡಿಸುವವರ ಕೈವಾಡವೂ ಕೆಲವೊಮ್ಮೆ ಇರುತ್ತಿತ್ತು. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2005ರಲ್ಲಿ ಬರೆದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಜಗತ್ತಿನಾದ್ಯಂತದ ವಿಂಡೋಸ್ ಯಂತ್ರಗಳಿಂದ ಬರುವ ಕ್ರ್ಯಾಶ್ ವರದಿಗಳಲ್ಲಿ ಕೆಲವು ಯಾರಿಗೂ ಅರ್ಥವಾಗಲಿಲ್ಲ. ಪ್ರೋಗ್ರಾಂ ನಿಂತದ್ದು ‘ಎಕ್ಸ್‌ಓಆರ್ ಇಎಎಕ್ಸ್, ಇಎಎಕ್ಸ್’ ಎಂಬ ಆಜ್ಞೆಯ ಮೇಲೆ, ಅಂದರೆ ಪ್ರೊಸೆಸರ್ ತನ್ನೊಳಗಿನ ಒಂದು ರಿಜಿಸ್ಟರನ್ನು ಸೊನ್ನೆ ಮಾಡಿಕೊಳ್ಳುವಾಗ. ಅದು ಮೆಮೊರಿಯನ್ನು ಮುಟ್ಟುವುದೇ ಇಲ್ಲ, ತಪ್ಪಲು ದಾರಿಯೇ ಇಲ್ಲ. ವರದಿ ಕಳಿಸಿದವರನ್ನು ವಿಚಾರಿಸಿದಾಗ ಹಲವರ ಯಂತ್ರ ಓವರ್‌ಕ್ಲಾಕ್ ಆಗಿತ್ತು. ಸಣ್ಣ ಅಂಗಡಿಗಳಿಂದ ಕೊಂಡ ಕೆಲವರಿಗಂತೂ ಮಾರಿದವರು ಚಿಪ್‌ನ ವೇಗವನ್ನು ಮಿತಿಮೀರಿ ಏರಿಸಿ ಕೊಟ್ಟಿದ್ದಾರೆಂಬುದೇ ತಿಳಿದಿರಲಿಲ್ಲ.

ಬ್ರ್ಯಾಂಡ್ ಹೆಸರು ಕಾಪಾಡುತ್ತದೆ ಎನ್ನುವವರಿಗೆ ಡೆಲ್ ಆಪ್ಟಿಪ್ಲೆಕ್ಸ್ ಕಥೆ ಇದೆ. 1999ರ ಸುಮಾರಿನಿಂದ ಮದರ್‌ಬೋರ್ಡ್‌ಗಳ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಅಕಾಲದಲ್ಲಿ ಸಾಯತೊಡಗಿದ್ದವು. ಪ್ರೊಸೆಸರಿನ ಸುತ್ತ ಪುಟ್ಟ ಡಬ್ಬಿಗಳಂತೆ ನಿಂತಿರುವ ಇವು ಅದಕ್ಕೆ ಹೋಗುವ ವಿದ್ಯುತ್ತನ್ನು ಸಮವಾಗಿ ಇಡುತ್ತವೆ. ಒಳಗಿನ ದ್ರಾವಣ ಸರಿಯಿಲ್ಲದಿದ್ದರೆ ನೀರು ಅಲ್ಯೂಮಿನಿಯಂ ಜೊತೆ ವರ್ತಿಸಿ ಹೈಡ್ರೋಜನ್ ಹುಟ್ಟುತ್ತದೆ, ತಲೆ ಉಬ್ಬುತ್ತದೆ, ಕಂದು ಅಂಟು ಸೋರುತ್ತದೆ. ಅಷ್ಟಾಗುವ ಮೊದಲೇ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಲು ಶುರುಮಾಡಿರುತ್ತದೆ. ದೂರು ಹೆಚ್ಚಾಗಿ ತೈವಾನಿನ ಅಗ್ಗದ ಕೆಪಾಸಿಟರ್‌ಗಳ ಮೇಲಿತ್ತು. ಆದರೆ ಆಪ್ಟಿಪ್ಲೆಕ್ಸ್‌ನಲ್ಲಿ ಕೆಟ್ಟದ್ದು ಹೆಸರಾಂತ ಜಪಾನಿ ಕಂಪನಿಯ ಮಾಲು. 2005ರಲ್ಲಿ ಡೆಲ್ ಇದಕ್ಕಾಗಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಯಂತ್ರಗಳು ಕೆಟ್ಟಾಗ, ಕಷ್ಟದ ಲೆಕ್ಕ ಮಾಡಿಸಿ ಯಂತ್ರಕ್ಕೆ ಹೊರೆ ಹೊರಿಸಿದ್ದೀರಿ ಎಂದು ಕಂಪನಿ ಹೇಳಿತ್ತೆಂಬುದು ಮುಂದೆ ನ್ಯಾಯಾಲಯದ ದಾಖಲೆಗಳಿಂದ 2010ರಲ್ಲಿ ಬಯಲಾಯಿತು. ಲೆಕ್ಕ ಮಾಡಲೆಂದೇ ಹುಟ್ಟಿದ ಯಂತ್ರದ ಬಗ್ಗೆ ಹೇಳಿದ ಮಾತು ಇದು.

ಬಿಡಿ ಬಿಡಿ ಕಥೆಗಳಾಗಿದ್ದ ಇವಕ್ಕೆ 2011ರಲ್ಲಿ ಅಂಕಿಅಂಶದ ಬಲ ಬಂತು. ಮೈಕ್ರೋಸಾಫ್ಟ್‌ನ ನೈಟಿಂಗೇಲ್, ಡೌಸರ್ ಮತ್ತು ಆರ್ಗೊವನ್ ಸುಮಾರು 10 ಲಕ್ಷ ಸಾಮಾನ್ಯ ಪಿಸಿಗಳ ಕ್ರ್ಯಾಶ್ ವರದಿಗಳನ್ನು ಜಾಲಾಡಿದರು. ಹಾರ್ಡ್‌ವೇರ್ ದೋಷದಿಂದ ಒಮ್ಮೆ ನಿಂತ ಯಂತ್ರ ಮತ್ತೊಮ್ಮೆ ಹಾಗೇ ನಿಲ್ಲುವ ಸಂಭವ ನೂರು ಪಟ್ಟಿನವರೆಗೂ ಏರುತ್ತದೆ ಎಂಬುದು ಅವರಿಗೆ ಕಂಡಿತು. ಒಂದು ಸಲ ತಾನೇ, ನೋಡೋಣ ಎಂದು ವಾರಂಟಿ ದಿನಗಳನ್ನು ಕಳೆಯುವವರು ಗಮನಿಸಬೇಕಾದ ಸಂಗತಿ. ಓವರ್‌ಕ್ಲಾಕ್ ಮಾಡದಿದ್ದರೂ ಬಿಡಿಭಾಗ ಜೋಡಿಸಿದ ಯಂತ್ರಗಳು ಬ್ರ್ಯಾಂಡ್ ಯಂತ್ರಗಳಿಗಿಂತ ಹೆಚ್ಚು ಕೆಡುತ್ತಿದ್ದುದೂ ಅಲ್ಲಿ ಕಂಡಿತು.

ಇಷ್ಟೆಲ್ಲ ಆದ ಮೇಲೂ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಚಿಪ್‌ಗಳ ವಿಷಯದಲ್ಲಿ ತೊಂದರೆಯ ಕಾರಣ ಹೊರಬೀಳಲು ಬಹಳ ಕಾಲ ಹಿಡಿಯಿತು. ದುಬಾರಿ ಐ9 ಪ್ರೊಸೆಸರ್ ಹಾಕಿಸಿದ ಹೊಸ ಯಂತ್ರಗಳಲ್ಲಿ ಆಟ ತೆರೆಯುತ್ತಿದ್ದಂತೆ ‘ವೀಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ಡ್ರೈವರ್ ಬದಲಿಸಿದರು. ದೋಷ ಕಾರ್ಡಿನಲ್ಲಿ ಇರಲೇ ಇಲ್ಲ. ಆಟದ ಸಂಕುಚಿತ ಫೈಲುಗಳನ್ನು ಬಿಚ್ಚುವ ಊಡಲ್ ಎಂಬ ತಂತ್ರಾಂಶ ತಾನು ಬಿಚ್ಚಿದ್ದನ್ನು ತಾನೇ ಪರಿಶೀಲಿಸುತ್ತದೆ. ಹೀಗಾಗಿ ಪ್ರೊಸೆಸರಿನ ತಪ್ಪು ಅಲ್ಲಿ ಸಿಕ್ಕಿಬೀಳುತ್ತಿತ್ತು. ಅದನ್ನು ರೂಪಿಸಿದ ರ‍್ಯಾಡ್ ಸಂಸ್ಥೆ 2024ರ ಆರಂಭದಲ್ಲಿ ಇದನ್ನು ಬಹಿರಂಗವಾಗಿ ಹೇಳಿತು. ಪ್ರೊಸೆಸರ್ ಮಿತಿಗಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದೆ ಎಂದು ಇಂಟೆಲ್ ಒಪ್ಪಿಕೊಂಡದ್ದು ಜುಲೈನಲ್ಲಿ. ಆಗಸ್ಟ್‌ನಲ್ಲಿ 0x129, ಸೆಪ್ಟೆಂಬರ್‌ನಲ್ಲಿ 0x12ಬಿ ಎಂಬ ಮೈಕ್ರೋಕೋಡ್ ತಿದ್ದುಪಡಿಗಳು ಬಯಾಸ್ ಅಪ್‌ಡೇಟ್ ಮೂಲಕ ಬಂದವು. ಡಬ್ಬಿಯಲ್ಲಿ ಮಾರಿದ ಚಿಪ್‌ಗಳ ವಾರಂಟಿ ಮೂರರಿಂದ ಐದು ವರ್ಷಕ್ಕೆ ಏರಿತು.

ಈ ತಿದ್ದುಪಡಿ ಚಿಪ್ ಕೆಡುವುದನ್ನು ತಡೆಯುತ್ತದೆ, ಕೆಟ್ಟುಹೋದದ್ದನ್ನು ರಿಪೇರಿ ಮಾಡುವುದಿಲ್ಲ. ಅಂಥ ಚಿಪ್‌ಗೆ ಬದಲಿ ಕೇಳುವುದೊಂದೇ ದಾರಿ, ಅದಕ್ಕೆ ಬಿಲ್ಲು ಬೇಕು. ಈ ಪೀಳಿಗೆಯ ಡೆಸ್ಕ್‌ಟಾಪ್ ಇಂದು ರಿಪೇರಿಗೆ ಬಂದರೆ ಬಲ್ಲವರು ಫಾರ್ಮ್ಯಾಟ್ ಹೊಡೆಯಲು ಹೋಗುವುದಿಲ್ಲ. ಮೊದಲು ಬಯಾಸ್ ತೆರೆದು ಅದು ಯಾವ ತಿಂಗಳಿನದು ಎಂದು ನೋಡುತ್ತಾರೆ.