ಬೆಚ್ಚನೆಯ ಮನೆಯ ಬೆಲೆ

ನಮ್ಮ ಕಡೆ ಚಳಿಗಾಲವೆಂದು ಮನೆಗೆ ವಿಶೇಷವಾದ ಆರೈಕೆಯೇನೂ ಬೇಕಾಗುವುದಿಲ್ಲ. ಮಳೆಗಾಲಕ್ಕೆ ಮುನ್ನ ಒಡೆದ ಹೆಂಚುಗಳನ್ನು ಬದಲಿಸಿ, ಹಬ್ಬಕ್ಕೆ ಮುನ್ನ ಅಡುಗೆಮನೆಯ ಇಲ್ಲಣ ಹೊಡೆದು ಸುಣ್ಣ ಬಳಿದರೆ ವರ್ಷದ ಕೆಲಸ ಮುಗಿಯಿತು. ಶೀತದೇಶಗಳಲ್ಲಿ ಹಾಗಲ್ಲ. ಅಲ್ಲಿ ಮನೆಯನ್ನು ಚಳಿಗೆ ಸಿದ್ಧಪಡಿಸುವುದೇ ಒಂದು ದೊಡ್ಡ ಕಾರ್ಯ. ಅದರ ಚರಿತ್ರೆಯಲ್ಲಿ ಇಂಗ್ಲೆಂಡಿನ ಒಂದು ಅಧ್ಯಾಯವಿದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ತರಗತಿಯಲ್ಲಿ ವಿವರಿಸಲು ಸಮಯ ಸಿಗದ ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಜನರು ಬಹುಕಾಲ ಸೌದೆಯನ್ನೇ ಉರಿಸುತ್ತಿದ್ದರು. ಸೌದೆ ದುಬಾರಿಯಾದಂತೆ, 16 ಮತ್ತು 17ನೆಯ ಶತಮಾನಗಳಲ್ಲಿ ಲಂಡನ್ ನಗರವು ಕಲ್ಲಿದ್ದಲಿಗೆ ತಿರುಗಿತು. ಅಗ್ಗಿಷ್ಟಿಕೆಗಳು ಎಷ್ಟು ಸಾಮಾನ್ಯವಾಗಿದ್ದವೆಂದರೆ, 1662ರಲ್ಲಿ ಸರ್ಕಾರವು ಒಂದೊಂದು ಒಲೆಗೂ ವರ್ಷಕ್ಕೆ ಎರಡು ಶಿಲ್ಲಿಂಗ್ ತೆರಿಗೆ ಹಾಕಿತು. ಜನರ ಅಸಮಾಧಾನಕ್ಕೆ ಕಾರಣವಾದ ಆ ತೆರಿಗೆ 1689ರಲ್ಲಿ ರದ್ದಾಯಿತು. 1666ರ ಮಹಾ ಅಗ್ನಿದುರಂತದ ಬಳಿಕ ಲಂಡನ್ನಿನ ಮನೆಗಳನ್ನು ಇಟ್ಟಿಗೆ, ಕಲ್ಲುಗಳಲ್ಲಿ ಕಟ್ಟಬೇಕೆಂಬ ನಿಯಮ ಬಂದಿತು.

ಕಲ್ಲಿದ್ದಲಿನ ಹೊಗೆ ಚೆನ್ನಾಗಿ ಮೇಲೇರಬೇಕಾದರೆ ಹೊಗೆಗೊಳವೆ ಕಿರಿದಾಗಿರಬೇಕು. ಒಂಬತ್ತು ಅಂಗುಲ ಅಗಲ, ಹದಿನಾಲ್ಕು ಅಂಗುಲ ಉದ್ದದ ಕೊಳವೆಗಳು ಸಾಮಾನ್ಯವಾಗಿದ್ದವು. ಇನ್ನೂ ಕಿರಿದಾದವೂ ಇದ್ದವು. ಹಲವು ಕೋಣೆಗಳ ಕೊಳವೆಗಳು ಗೋಡೆಯೊಳಗೆ ತಿರುವು ಮುರುವುಗಳನ್ನು ಪಡೆದು ಛಾವಣಿ ಸೇರುತ್ತಿದ್ದವು. ಅವುಗಳ ಒಳಮೈಗೆ ಕಟ್ಟಿದ ಮಸಿಯನ್ನು ಆಗಾಗ ಕೆರೆದು ತೆಗೆಯದಿದ್ದರೆ ಅದಕ್ಕೇ ಬೆಂಕಿ ಹತ್ತಿ ಮನೆ ಸುಟ್ಟುಹೋಗುವ ಅಪಾಯವಿತ್ತು. ಆದುದರಿಂದ ಶುಚಿಗೊಳಿಸುವಿಕೆ ಅನಿವಾರ್ಯ. ಆದರೆ ಅಷ್ಟು ಇಕ್ಕಟ್ಟಿನೊಳಗೆ ಹೋಗುವವರಾರು?

ಅದಕ್ಕೆ ಸಿಕ್ಕ ಉತ್ತರ: ಮಕ್ಕಳು. ಬಡವರ ಮತ್ತು ಅನಾಥರ ಮಕ್ಕಳನ್ನು, ಕೆಲವೊಮ್ಮೆ ಐದಾರು ವರ್ಷದವರನ್ನೂ, ಮಸಿ ತೆಗೆಯುವ ಕಸುಬಿನವರು ಶಿಷ್ಯವೃತ್ತಿಯ ಹೆಸರಿನಲ್ಲಿ ಪಡೆಯುತ್ತಿದ್ದರು. ಮೊಣಕಾಲು, ಮೊಣಕೈಗಳನ್ನು ಗೋಡೆಗೆ ಒತ್ತಿಕೊಂಡು ಆ ಮಕ್ಕಳು ಕತ್ತಲೆಯಲ್ಲಿ ಮೇಲೇರಬೇಕಾಗಿತ್ತು. ಚರ್ಮ ಗಟ್ಟಿಯಾಗಲೆಂದು ಕೆಂಡದ ಎದುರು ನಿಲ್ಲಿಸಿ ಉಪ್ಪುನೀರು ತಿಕ್ಕುತ್ತಿದ್ದರೆಂದು ಆ ಕಸುಬಿನವರೇ ಮುಂದೆ ವಿಚಾರಣಾ ಆಯೋಗದ ಮುಂದೆ ಹೇಳಿದ್ದಾರೆ. ಕೊಳವೆಯಲ್ಲಿ ಸಿಲುಕಿ ಉಸಿರುಗಟ್ಟಿ ಸತ್ತವರುಂಟು. ಬದುಕಿ ಬೆಳೆದವರಿಗೆ ಬೇರೊಂದು ಗಂಡಾಂತರ ಕಾದಿರುತ್ತಿತ್ತು. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯರು ಈ ಕಸುಬಿನವರಲ್ಲಿ ಕಾಣುತ್ತಿದ್ದ ಒಂದು ಬಗೆಯ ಕ್ಯಾನ್ಸರ್‌ಗೆ ಮಸಿಯೇ ಕಾರಣವೆಂದು ತೋರಿಸಿಕೊಟ್ಟರು. ಉದ್ಯೋಗದಿಂದ ಕ್ಯಾನ್ಸರ್ ಬರಬಹುದೆಂದು ಹೇಳಿದ ಮೊದಲ ಬರಹಗಳಲ್ಲಿ ಅದು ಪ್ರಸಿದ್ಧವಾದುದು.

ಇದಕ್ಕೆ ಪರಿಹಾರವಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು! 1803ರಲ್ಲಿಯೇ ಜಾರ್ಜ್ ಸ್ಮಾರ್ಟ್ ಎಂಬವರು ಉದ್ದನೆಯ ಕೋಲುಗಳನ್ನು ಜೋಡಿಸಿ ಬಳಸುವ ಕುಂಚವೊಂದನ್ನು ರೂಪಿಸಿದ್ದರು. 1828ರಲ್ಲಿ ಜೋಸೆಫ್ ಗ್ಲಾಸ್ ಅದಕ್ಕಿಂತ ಉತ್ತಮವಾದುದನ್ನು ತಯಾರಿಸಿದರು. ಆದರೆ ಯಂತ್ರ ಬಳಸಬೇಕಾದರೆ ಕೆಲವು ಕೊಳವೆಗಳ ತಿರುವುಗಳನ್ನು ಸರಿಪಡಿಸಬೇಕು, ಅದಕ್ಕೆ ಹಣ ಬೇಕು. ಕುಂಚದಿಂದ ಕೋಣೆಯೆಲ್ಲಾ ಮಸಿಯಾಗುವುದೆಂಬ ಆಕ್ಷೇಪಣೆ ಬೇರೆ. ಮನೆಯ ಒಡೆಯರಿಗೆ ಹುಡುಗನೇ ಅಗ್ಗವಾಗಿ ಕಂಡನು.

ಕಾನೂನುಗಳೇನೋ ಬಂದವು. 1788ರ ಶಾಸನವು ಎಂಟು ವರ್ಷಕ್ಕಿಂತ ಕಿರಿಯರನ್ನು ಸೇರಿಸಿಕೊಳ್ಳಬಾರದೆಂದಿತು. ಅದನ್ನು ಪಾಲಿಸಿದವರು ವಿರಳ. 1819ರಲ್ಲಿ ಕೆಳಮನೆ ಒಪ್ಪಿದ ಮಸೂದೆಯನ್ನು ಪ್ರಭುಗಳ ಸಭೆ ತಿರಸ್ಕರಿಸಿತು. 1840ರಲ್ಲಿ ಇಪ್ಪತ್ತೊಂದು ವರ್ಷದೊಳಗಿನ ಯಾರನ್ನೂ ಕೊಳವೆಯೊಳಗೆ ಹತ್ತಿಸಬಾರದೆಂದು ಸ್ಪಷ್ಟ ಶಾಸನವಾಯಿತು. ಅದೂ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ತಪಾಸಣೆ ಮಾಡುವವರಿರಲಿಲ್ಲ, ಶಿಕ್ಷೆ ವಿಧಿಸಬೇಕಾದವರ ಮನೆಗಳಲ್ಲೂ ಅಗ್ಗಿಷ್ಟಿಕೆಗಳಿದ್ದವು. 1863ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿಯವರು ಇಂಥ ಹುಡುಗನನ್ನೇ ನಾಯಕನನ್ನಾಗಿಸಿ ‘ದಿ ವಾಟರ್ ಬೇಬೀಸ್’ ಎಂಬ ಮಕ್ಕಳ ಕಾದಂಬರಿ ಪ್ರಕಟಿಸಿದರು. ಅದು ಜನರ ಮನಸ್ಸನ್ನು ತಟ್ಟಿತು.

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್ಬೋರ್ನ್ ಆಸ್ಪತ್ರೆಯ ಕೊಳವೆಯೊಂದರಲ್ಲಿ ಹನ್ನೊಂದು ವರ್ಷದ ಜಾರ್ಜ್ ಬ್ರೂಸ್ಟರ್ ಸಿಲುಕಿಕೊಂಡನು. ಗೋಡೆ ಒಡೆದು ಹೊರತೆಗೆದರೂ ಅವನು ಉಳಿಯಲಿಲ್ಲ. ಅವನನ್ನು ಹತ್ತಿಸಿದ ಯಜಮಾನನಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ಹಲವು ವರ್ಷಗಳಿಂದ ಇದಕ್ಕಾಗಿ ಹೋರಾಡುತ್ತಿದ್ದ ಲಾರ್ಡ್ ಶಾಫ್ಟ್ಸ್‌ಬರಿಯವರು ಅದೇ ವರ್ಷ ಹೊಸ ಶಾಸನವನ್ನು ತಂದರು. ಈ ಕಸುಬು ನಡೆಸಲು ಪ್ರತಿ ವರ್ಷ ಪೊಲೀಸರಿಂದ ಪರವಾನಗಿ ಪಡೆಯಬೇಕು, ಹಿಂದಿನ ಕಾನೂನುಗಳನ್ನು ಪೊಲೀಸರೇ ಜಾರಿಗೊಳಿಸಬೇಕು ಎಂದಾಯಿತು. ಅಲ್ಲಿಗೆ ಈ ಪದ್ಧತಿ ಕೊನೆಗೊಂಡಿತು.

ಮೊದಲ ಕುಂಚದಿಂದ ಕೊನೆಯ ಹುಡುಗನವರೆಗೆ ಎಪ್ಪತ್ತೆರಡು ವರ್ಷ! ಕೊರತೆಯಿದ್ದುದು ಜ್ಞಾನದ್ದಲ್ಲ, ಉಪಕರಣದ್ದಲ್ಲ, 1840ರ ನಂತರ ಕಾನೂನಿನದೂ ಅಲ್ಲ. ಅದನ್ನು ಜಾರಿಗೆ ತರುವ ಮನಸ್ಸು ಇರಲಿಲ್ಲ, ಅಷ್ಟೆ. ಇದನ್ನು ಓದಿ ಪರದೇಶದವರನ್ನು ಹಳಿಯುವುದು ಸುಲಭ. ಆದರೆ ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 2013ರಲ್ಲೇ ಬಂದಿದೆ, ಯಂತ್ರಗಳೂ ಇವೆ. ಆದರೂ ಅಂಥ ಸಾವಿನ ಸುದ್ದಿಗಳು ನಿಂತಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶೀತದೇಶಗಳಲ್ಲಿ ನೆಲೆಸಿದ್ದೀರಿ. ಅಲ್ಲಿನ ಹಳೆಯ ಮನೆಗಳ ಮೇಲೆ ಸಾಲಾಗಿ ನಿಂತ ಹೊಗೆಗೂಡುಗಳನ್ನು ಕಂಡಾಗ ಅವುಗಳ ಒಳಗೆ ಹತ್ತಿದ ಮಕ್ಕಳನ್ನು ಒಮ್ಮೆ ನೆನೆಯಿರಿ. ಊರಿನಲ್ಲಿರುವವರು ಮನೆಗೆಲಸಕ್ಕೆ ಯಾರನ್ನಾದರೂ ಕರೆಯುವಾಗ, ಬರುವವರು ಯಾರು, ಅವರ ವಯಸ್ಸೆಷ್ಟು, ಅವರನ್ನು ಎಲ್ಲಿಗೆ ಇಳಿಸುತ್ತಿದ್ದೇವೆ ಎಂದು ವಿಚಾರಿಸಿರಿ. ಚರಿತ್ರೆಯನ್ನು ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಲಿ.