ಬೆಣ್ಣೆ ಬಿಸ್ಕತ್ತಿನ ಬೆಣ್ಣೆ ಎಲ್ಲಿ ಹೋಗಿತ್ತು?

ಮನೆಯಲ್ಲಿ ಬೆಣ್ಣೆ ಬಿಸ್ಕತ್ತು ಮಾಡೋಕೆ ಬೇಕಾಗೋದು ಮೂರೇ ಸಾಮಾನು. 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ. ಬೆಣ್ಣೆ ಮತ್ತು ಸಕ್ಕರೆಯನ್ನು ಬೆಳ್ಳಗಾಗೋವರೆಗೆ ತಿಕ್ಕಿ, ಮೈದಾ ಸೇರಿಸಿ, ಸಣ್ಣ ಉಂಡೆ ಮಾಡಿ ತಟ್ಟಿ, 160 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಮುಗೀತು. ಮೊಟ್ಟೆ ಬೇಡ, ಸೋಡಾನೂ ಬೇಡ. ಈ ಮೂರೂ ಸಾಮಾನು ಹಾವೇರಿ ಕಡೆಯ ನಮ್ಮ ಹಳ್ಳಿಯಲ್ಲಿ ಸಿಗ್ತಿದ್ದವು, ಬೆಣ್ಣೆಯನ್ನಂತೂ ಅವ್ವ ಮನೆಯಲ್ಲೇ ಕಡೆಯುತ್ತಿದ್ದಳು. ಆದರೂ ಬಿಇ ಮುಗಿಸಿ ಬೆಂಗಳೂರಿಗೆ ಬರೋವರೆಗೆ ನಾನು ನಿಜವಾದ ಬೆಣ್ಣೆ ಹಾಕಿದ ಬಿಸ್ಕತ್ತು ತಿಂದಿರಲಿಲ್ಲ. ಇದೇನು ನನ್ನೊಬ್ಬನ ಕಥೆಯಲ್ಲ. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಮೊದಲು ಒಲೆಯ ವಿಷಯ. ನಮ್ಮ ಅಡುಗೆಮನೆಯ ಒಲೆ ಕೆಳಗಿನಿಂದ ಮಾತ್ರ ಕಾಯುತ್ತೆ. ರೊಟ್ಟಿ, ದೋಸೆ, ಹೋಳಿಗೆ ಎಲ್ಲವನ್ನೂ ತಿರುವಿ ಹಾಕಬೇಕು. ಬಿಸ್ಕತ್ತಿಗೆ ನಾಲ್ಕೂ ಕಡೆಯಿಂದ ಸಮನಾದ ಒಣ ಶಾಖ ಬೇಕು. ಅದಕ್ಕೆ ಇಟ್ಟಿಗೆಯ ಗುಮ್ಮಟದ ಭಟ್ಟಿ ಬೇಕು, ಅದನ್ನು ಕಾಯಿಸೋಕೆ ರಾಶಿ ಸೌದೆ ಬೇಕು. ಒಂದು ಮನೆಗೆ ಹೊಂದಿಸೋ ಲೆಕ್ಕವಲ್ಲ ಇದು. ಹಾಗಾಗಿ ಬೇಯಿಸೋ ಕೆಲಸ ಶುರುವಿನಿಂದಲೂ ಬೇಕರಿಯವರದ್ದೇ ಆಯ್ತು.

ಪಶ್ಚಿಮ ಕರಾವಳಿಯಲ್ಲಿ ಈ ಭಟ್ಟಿಗಳು ಬಂದದ್ದು ಯುರೋಪಿನ ವ್ಯಾಪಾರಿಗಳ ಜೊತೆ. ಡಚ್ಚರು ಸೂರತ್‌ನಲ್ಲಿ ಕೋಠಿ ಹಾಕಿದ್ದು 1616ರಲ್ಲಿ. ಅವರು ಹೋದ ಮೇಲೆ ಅವರ ಬೇಕರಿ ಒಬ್ಬ ಪಾರ್ಸಿ ಕೆಲಸಗಾರನ ಕೈಗೆ ಬಂತು, ಬ್ರೆಡ್ಡಿಗೆ ಗಿರಾಕಿ ಕಡಿಮೆಯಾದಾಗ ಅವನು ತುಪ್ಪ, ಸಕ್ಕರೆ ಹಾಕಿ ನಾನ್‌ಖಟಾಯಿ ಮಾಡಿದ ಅನ್ನೋ ಕಥೆಯನ್ನು ಸೂರತ್‌ನವರು ಈಗಲೂ ಹೇಳ್ತಾರೆ. ಅಲ್ಲಿನ ದೋತಿವಾಲಾ ಬೇಕರಿ 1861ರಿಂದ ನಡೀತಿದೆ. ನಮ್ಮ ಧಾರವಾಡ ಸೀಮೆ 1956ರವರೆಗೆ ಮುಂಬೈ ಕಡೆಗೇ ಸೇರಿದ್ದರಿಂದ, ಆ ತಿಂಡಿಯ ಜೊತೆ ಹೆಸರೂ ನಮ್ಮಲ್ಲಿಗೆ ಬಂತು ಅಂತ ನನ್ನ ಅಂದಾಜು. ಹಳೇ ಮೈಸೂರಿನ ಕಡೆ ದಾರಿ ಬೇರೆ. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಹುಟ್ಟಿತು. ಮೊಟ್ಟೆ ಇಲ್ಲ ಅನ್ನೋ ಭರವಸೆಯೇ ಅವರ ಬಂಡವಾಳ. ನಾವು ಗಲ್ಲಿಗಲ್ಲಿಯಲ್ಲಿ ಟೀ ಜೊತೆ ತಿನ್ನೋ ಬೆಣ್ಣೆ ಬಿಸ್ಕತ್ತಿಗೆ ಮನೆಮಾತಿನ ಗೌರವ ಸಿಕ್ಕಿದ್ದೂ ಅಂಥ ಅಂಗಡಿಗಳಿಂದ.

ನಮ್ಮ ಊರಲ್ಲಿ ಇದಕ್ಕೆ ಒಂದು ಮಧ್ಯದ ದಾರಿ ಇತ್ತು. ರಜೆಗೆ ಮೊಮ್ಮಕ್ಕಳು ಬಂದರೆ ಮೈದಾ, ಸಕ್ಕರೆ, ಡಾಲ್ಡಾ ಡಬ್ಬಿಗೆ ತುಂಬಿ ತಾಲ್ಲೂಕಿನ ಬೇಕರಿಗೆ ಒಯ್ಯೋರು. ಭಟ್ಟಿಯಲ್ಲಿ ಮುಂಜಾನೆ ಬ್ರೆಡ್ ಬೆಂದ ಮೇಲೆ ಶಾಖ ನಿಧಾನಕ್ಕೆ ಇಳಿಯುತ್ತೆ. ಬ್ರೆಡ್ಡಿಗೆ ಸಾಲದ ಆ ಶಾಖ ಬಿಸ್ಕತ್ತಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಬೇಕರಿಯವ ಕೂಲಿ ತಗೊಂಡು ಕಲಸಿ, ತಟ್ಟಿ, ಬೇಯಿಸಿ ಕೊಡ್ತಿದ್ದ. ಸಂಜೆ ಡಬ್ಬಿ ತುಂಬ ಬಿಸ್ಕೂಟು. ‘ಮನ್ಯಾಗ ಮಾಡಿದ್ದು’ ಅಂತಲೇ ಎಲ್ಲರಿಗೂ ಹಂಚೋದು, ಯಾರೂ ತಕರಾರು ತೆಗೀತಿರಲಿಲ್ಲ.

ಗಮನಿಸಿ, ಡಬ್ಬಿಯಲ್ಲಿ ಹೋಗ್ತಿದ್ದದ್ದು ಡಾಲ್ಡಾ. ಅಟ್ಟದ ಮೇಲೆ ಬೆಣ್ಣೆ ಇದ್ದರೂ ಡಾಲ್ಡಾ.

ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡೋ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಪೇಟೆಂಟ್ ಪಡೆದದ್ದು 1902ರಲ್ಲಿ. ಲಿವರ್ ಕಂಪನಿ ಇಲ್ಲಿ ಡಾಲ್ಡಾ ತಂದದ್ದು 1937ರಲ್ಲಿ. ಹಳದಿ ಡಬ್ಬಿ, ಅದರ ಮೇಲೆ ಹಸಿರು ತಾಳೆಮರ. ಅದು ತುಪ್ಪಕ್ಕಿಂತ ಅಗ್ಗ, ಬೇಗ ಕೆಡಲ್ಲ, ನಮ್ಮ ಬೇಸಿಗೆಯಲ್ಲೂ ಬೆಣ್ಣೆಯಷ್ಟು ಸುಲಭಕ್ಕೆ ಕರಗಲ್ಲ. ಬಿಸ್ಕತ್ತಿಗೆ ಈ ಕೊನೇ ಗುಣ ಮುಖ್ಯ. ಜಿಡ್ಡು ಗಟ್ಟಿಯಾಗಿದ್ದಷ್ಟೂ ತಟ್ಟಿದ ಆಕಾರ ಒಲೆಯಲ್ಲಿ ನಿಲ್ಲುತ್ತೆ. ಬೆಣ್ಣೆಯಾದರೆ ಹರಡಿಬಿಡುತ್ತೆ. ಮೇಲಾಗಿ ಬೆಣ್ಣೆಯಲ್ಲಿ ನೀರಿರುತ್ತೆ, ಅಂಗಡಿಯದ್ದರಲ್ಲಿ 16%ವರೆಗೆ, ಮನೆಯದ್ದರಲ್ಲಿ ಇನ್ನೂ ಹೆಚ್ಚು.

ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿ ಮಾರೋದು ಎಷ್ಟು ಹೆಚ್ಚಾಯ್ತು ಅಂದ್ರೆ, ಗಾಂಧೀಜಿಯವರೇ ಅದರ ವಿರುದ್ಧ ದನಿ ಎತ್ತಿದರು. ಕೊನೆಗೆ ಸರ್ಕಾರ ಒಂದು ಜಾಣ ಉಪಾಯ ಮಾಡಿತು. ವನಸ್ಪತಿಗೆ ಕನಿಷ್ಠ 5% ಎಳ್ಳೆಣ್ಣೆ ಸೇರಿಸಲೇಬೇಕು ಅಂತ ಕಾನೂನು. ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚೂರು ಸಕ್ಕರೆ ಹಾಕಿ ಕುಲುಕಿದರೆ ಗುಲಾಬಿ ಬಣ್ಣ ಬರುತ್ತೆ. ತುಪ್ಪಕ್ಕೆ ಹಾಗೆ ಮಾಡಿದಾಗ ಬಣ್ಣ ತಿರುಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಅಸಲಿ ಮಾಲನ್ನು ಬಿಟ್ಟು ನಕಲಿಗೇ ಗುರುತು ಹಾಕಿದ ಈ ಬುದ್ಧಿ ನನಗೆ ಬಹಳ ಇಷ್ಟ. ಟ್ರಾನ್ಸ್ ಫ್ಯಾಟ್‌ನ ಕಾಟಕ್ಕೆ ಕಡಿವಾಣ ಬೀಳೋಕೆ ಮಾತ್ರ 2022 ಬರಬೇಕಾಯ್ತು, ಮಿತಿ 2%ಗೆ ಇಳಿದದ್ದು ಆ ವರ್ಷ.

ಆದರೆ ಆಕಾರ ನಿಲ್ಲುತ್ತೆ ಅನ್ನೋ ಕಾರಣಕ್ಕೆ ಅವ್ವ ಡಾಲ್ಡಾ ಕಳಿಸ್ತಿರಲಿಲ್ಲ. ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು 7%. ಲೆಕ್ಕ ಹಾಕಿ ನೋಡಿ, 200 ಗ್ರಾಂ ಬೆಣ್ಣೆಗೆ ಎರಡೂವರೆ ಲೀಟರ್ ಹಾಲಾದರೂ ಬೇಕು. ನಮ್ಮನೇಲಿ ಇದ್ದದ್ದು ಒಂದೇ ಎಮ್ಮೆ. ವಾರದ ಬೆಣ್ಣೆ ಸಂತೆ ದಿನ ಪೇಟೆಗೆ ಹೋಗ್ತಿತ್ತು, ಮಜ್ಜಿಗೆ ಮನೆಯಲ್ಲಿ ಉಳೀತಿತ್ತು. ಬೆಣ್ಣೆ ಬಂದ ದುಡ್ಡಲ್ಲಿ ಉಪ್ಪು, ಚಹಾಪುಡಿ, ನನ್ನ ನೋಟ್‌ಬುಕ್ಕು. ‘ಬೆಣ್ಣಿ ಮಾರಾಕ, ಡಾಲ್ಡಾ ತಿನ್ನಾಕ’ ಅಂತಿದ್ದಳು ಅವ್ವ, ಅದೇನೋ ನಿಸರ್ಗದ ನಿಯಮ ಅನ್ನೋ ಹಾಗೆ. ಆಮೇಲೆ ಹಾಲಿನ ಡೈರಿ ಬಂತು. ಹಾಲೇ ಮುಂಜಾನೆ ಕ್ಯಾನಿನಲ್ಲಿ ಹೋಗೋಕೆ ಶುರುವಾಯ್ತು, ಕಡಗೋಲು ಅಟ್ಟಕ್ಕೇರಿತು. ಹದಿನೈದು ದಿನಕ್ಕೊಮ್ಮೆ ಬಟವಾಡೆ, ಅದರಿಂದಲೇ ನನ್ನ ಕಾಲೇಜಿನ ಫೀ. ಹಾಗಾಗಿ ಡೈರಿಯನ್ನು ದೂರೋಕೆ ನನಗೆ ಬಾಯಿಲ್ಲ. ಹಳ್ಳಿಯವರು ಸದಾ ಬೆಣ್ಣೆ ತುಪ್ಪದಲ್ಲೇ ಬೆಳೆದೋರು ಅಂತ ಆಫೀಸಿನಲ್ಲಿ ಯಾರಾದರೂ ಹೇಳಿದಾಗ ಮಾತ್ರ ಒಳಗೊಳಗೇ ನಗು ಬರುತ್ತೆ.

ಈಗ ನನ್ನ ಬಾಡಿಗೆ ಮನೆಯಲ್ಲಿ ಮೈಕ್ರೋವೇವ್ ಗಾತ್ರದ ಒಂದು ಓಟಿಜಿ ಇದೆ. ಮೇಲೂ ಕೆಳಗೂ ಕಾಯೋ ಸರಳುಗಳು, ಭಟ್ಟಿಯ ಕೆಲಸ ಅದೇ ಮಾಡುತ್ತೆ. ಉಪ್ಪಿಲ್ಲದ ಬೆಣ್ಣೆ ತರಬೇಕು. ಕಲಸಿದ ಹಿಟ್ಟನ್ನು ಬೇಯಿಸೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಬಿಸ್ಕತ್ತು ಹರಡೋದು ಕಡಿಮೆಯಾಗುತ್ತೆ. ಹೊರಗೆ ತೆಗೆದಾಗ ಮೆತ್ತಗಿದ್ದರೆ ಗಾಬರಿ ಬೇಡ, ಆರಿದ ಮೇಲೆ ಗರಿಗರಿ.

ಕಳೆದ ದೀಪಾವಳಿಗೆ ಒಂದು ಡಬ್ಬಿ ಊರಿಗೆ ಒಯ್ದಿದ್ದೆ. ಅವ್ವ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಇದಕ್ಕ ಎಷ್ಟು ಬೆಣ್ಣಿ ಹಾಕೀ ಅಂತ ಕೇಳಿದಳು. ಇನ್ನೂರು ಗ್ರಾಂ ಅಂದೆ. ಸ್ವಲ್ಪ ಹೊತ್ತು ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ಎರಡನೇದನ್ನು ತಗೊಂಡಳು.