ಕಾಯಿಸಿದರೆ ಕರಗುವ ಪ್ರೋಟೀನು

ಮೂತ್ರದಲ್ಲಿ ಆಲ್ಬುಮಿನ್ ಇದ್ದರೆ ಕಾಯಿಸಿದಾಗ ಗಡ್ಡೆಗಟ್ಟುತ್ತದೆ, ಮತ್ತೆ ಕರಗುವುದಿಲ್ಲ. ನಾನು ಆಸ್ಪತ್ರೆಯ ಲ್ಯಾಬ್ ಸೇರಿದ ಹೊಸತರಲ್ಲಿ ಸ್ಪಿರಿಟ್ ದೀಪದ ಮೇಲೆ ದಿನವೂ ಕಂಡದ್ದು ಅದನ್ನೇ. ಅಪರೂಪಕ್ಕೊಂದು ಮಾದರಿ ಮಾತ್ರ 50-60 ಡಿಗ್ರಿಯಲ್ಲಿ ಮೋಡಗಟ್ಟಿ, ಕುದಿಯುವ ಹೊತ್ತಿಗೆ ತಿಳಿಯಾಗಿ, ಆರಿದಂತೆ ತುಪ್ಪದ ಹಾಗೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ರಿಜಿಸ್ಟರಿನಲ್ಲಿ 'ಬೆನ್ಸ್ ಜೋನ್ಸ್ ಪ್ರೋಟೀನ್' ಎಂದು ಬರೆಯುತ್ತಿದ್ದೆವು. ಆ ಹೆಸರಿನ ಗೌರವ ಸಲ್ಲಬೇಕಾದದ್ದು ಬೇರೆಯವರಿಗೆ ಎಂಬುದು ನನ್ನ ಹಳೆಯ ತಕರಾರು.

1845ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ನಿನ ಕಿರಾಣಿ ವ್ಯಾಪಾರಿ ಥಾಮಸ್ ಅಲೆಕ್ಸಾಂಡರ್ ಮ್ಯಾಕ್‌ಬೀನ್ ಮೂಳೆನೋವಿನಿಂದ ನರಳುತ್ತಿದ್ದರು. ವಯಸ್ಸು 45. ಮೂತ್ರ ತಾಗಿದ ಒಳಬಟ್ಟೆ ಗಂಜಿ ಹಾಕಿದಂತೆ ಬಿರುಸಾಗುತ್ತಿತ್ತು. ನೋಡಲು ಬಂದ ಡಾಕ್ಟರ್ ವಿಲಿಯಂ ಮ್ಯಾಕಿಂಟೈರ್ ಮೂತ್ರವನ್ನು ತಾವೇ ಕಾಯಿಸಿ ಈ ವಿಚಿತ್ರ ಕಂಡರು. ಆಮೇಲೆ ಮಾದರಿ ಸೇಂಟ್ ಜಾರ್ಜ್ ಆಸ್ಪತ್ರೆಯ ಹೆನ್ರಿ ಬೆನ್ಸ್ ಜೋನ್ಸ್ ಕೈಸೇರಿತು. ಕಬ್ಬಿಣ, ಕ್ವಿನೈನ್ ಕೊಟ್ಟರೂ ಮ್ಯಾಕ್‌ಬೀನ್ 1846ರ ಜನವರಿ 1ರಂದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಮೂಳೆಗಳು ಚಾಕುವಿಗೆ ಸಿಕ್ಕಿದಂತೆ ಕುಸಿದವು. ಕಿಡ್ನಿಗಳು ಚೆನ್ನಾಗಿಯೇ ಕಂಡವು. ಜೋನ್ಸ್ 1847-48ರಲ್ಲೇ ಬರೆದರು, ಮ್ಯಾಕಿಂಟೈರ್ ವರದಿ 1850ಕ್ಕೆ ಬಂತು. ಹೆಸರು ಜೋನ್ಸರ ಪಾಲಾಯಿತು.

ಆ ಪ್ರೋಟೀನು ಪ್ರತಿಕಾಯದ ಹಗುರ ಸರಪಳಿ ಎಂದು ವಿಜ್ಞಾನಿಗಳಾದ ಎಡೆಲ್‌ಮನ್ ಮತ್ತು ಗ್ಯಾಲಿ ತೋರಿಸಿದ್ದು 1962ರಲ್ಲಿ. ಕಿಡ್ನಿಯ ಪಾಲಿನ ಕಥೆ ಇನ್ನೂ ನಿಧಾನ. ಸೂಜಿಯಿಂದ ಬಯಾಪ್ಸಿ ಮಾಡುವ ಬಗೆಯನ್ನು ಕೋಪನ್‌ಹೇಗನ್ನಿನ ಇವರ್ಸೆನ್ ಮತ್ತು ಬ್ರುನ್ 1951ರಲ್ಲಿ ಪ್ರಕಟಿಸಿದ ಮೇಲೆ ಬದುಕಿರುವವರ ಕಿಡ್ನಿಯನ್ನೇ ನೋಡುವುದು ಸಾಧ್ಯವಾಯಿತು. ಸರಪಳಿಗಳು ಕಿಡ್ನಿಯಲ್ಲಿ ಕೂತು ಅದನ್ನು ಕೆಡಿಸುವ ಬೇರೆಯದೇ ಕಾಯಿಲೆಯನ್ನು 1976ರಲ್ಲಿ ರ‍್ಯಾಂಡಲ್ ತಂಡ ವಿವರಿಸಿತು. (ಈಗಿನ ಹುಡುಗರು ಮೂತ್ರಕ್ಕೆ ಪರೀಕ್ಷಾ ಪಟ್ಟಿ ಅದ್ದಿ 'ಪ್ರೋಟೀನ್ ಇಲ್ಲ' ಎನ್ನುತ್ತಾರೆ. ಪಟ್ಟಿ ಹಿಡಿಯುವುದು ಹೆಚ್ಚಾಗಿ ಆಲ್ಬುಮಿನ್ನನ್ನು, ಈ ಸರಪಳಿಗಳನ್ನಲ್ಲ. ಸಲ್ಫೋಸ್ಯಾಲಿಸಿಲಿಕ್ ಆಮ್ಲ ಹಾಕಿ ನೋಡಯ್ಯ ಎಂದು ಗದರುತ್ತಿದ್ದೆ.)

ಹೀಗೆ ಕಿಡ್ನಿ ಕೆಡಿಸುವ ಪ್ರತಿಕಾಯವನ್ನೋ ಅದರ ಸರಪಳಿಯನ್ನೋ ಸುರಿಸುವ ಮಜ್ಜೆಯ ಕೋಶಗಳ ಗುಂಪು ಎಷ್ಟೋ ಸಲ ತೀರಾ ಚಿಕ್ಕದು. ಮಜ್ಜೆ ನೋಡಿದ ರಕ್ತತಜ್ಞರು 'ಇದು ಕ್ಯಾನ್ಸರ್ ಅಲ್ಲ, ಕಾದು ನೋಡೋಣ' ಎನ್ನುತ್ತಿದ್ದರು, ಕಿಡ್ನಿ ಕಾಯುತ್ತಿರಲಿಲ್ಲ. 2012ರಲ್ಲಿ ಕಿಡ್ನಿ ಮತ್ತು ರಕ್ತದ ತಜ್ಞರು ಒಟ್ಟಾಗಿ ಇಂಥ ಕಿಡ್ನಿ ಕಾಯಿಲೆಗಳನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿದ ಮೇಲೆ, ಗುಂಪು ಚಿಕ್ಕದಿದ್ದರೂ ಮದ್ದು ಕೊಡಲು ಆಧಾರ ಸಿಕ್ಕಿತು. ಬೋರ್ಟೆಜೊಮಿಬ್ ಎಂಬ ಮದ್ದು ಚುಚ್ಚಿ ಆ ಗುಂಪನ್ನು ಅಡಗಿಸಿದರೆ ಕೆಲವರ ಕಿಡ್ನಿ ಡಯಾಲಿಸಿಸ್ ತನಕ ಹೋಗದೆ ಉಳಿಯುತ್ತದೆ. ಬಯಾಪ್ಸಿ ತಡವಾದವರಲ್ಲಿ, ಕಿಡ್ನಿಯಲ್ಲಿ ಆಗಲೇ ಕಟ್ಟಿದ ಕಲೆ ಹಾಗೇ ನಿಲ್ಲುತ್ತದೆ.